ಸ್ಟೇಷನ್ ಅನೌನ್ಸ್‌ಮೆಂಟಲ್ಲಿ ಪ್ಲಾಟ್‌ಫಾರ್ಮ್ ನಂಬರೇ ಯಾಕೆ ಕೇಳ್ಸಲ್ಲ?

[ಸೌಂಡ್: ಸ್ಟೇಷನ್ ಗದ್ದಲ, ಟಿಂಗ್ ಟಾಂಗ್, ರೆಕಾರ್ಡೆಡ್ ದನಿ]

ಕೇಳ್ತಾ? "ದಯವಿಟ್ಟು ಗಮನಿಸಿ, ಗಾಡಿ ಸಂಖ್ಯೆ ಒಂದು ಆರು ಐದು ಎಂಟು ಒಂಬತ್ತು"... ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸು ಅಂತ ಗೊತ್ತಾಯ್ತು, ಸರಿ, ಪ್ಲಾಟ್‌ಫಾರ್ಮ್ ಎಷ್ಟು ಅನ್ನೋ ಹೊತ್ತಿಗೆ ಪಕ್ಕದ ಟ್ರ್ಯಾಕಲ್ಲಿ ಹಾರ್ನ್ ಹೊಡೆದ, ಮುಗೀತು ಕಥೆ.

ಇದನ್ನ ಯಾರೂ ಕೂತ್ಕೊಂಡು ಓದ್ತಿಲ್ಲ ನೋಡಿ. ಅಂಕಿಗಳು, ಊರುಗಳ ಹೆಸರು, "ಬರಲಿದೆ", "ಹೊರಡಲಿದೆ" ಎಲ್ಲಾ ಬಿಡಿಬಿಡಿಯಾಗಿ ರೆಕಾರ್ಡ್ ಆಗಿರುತ್ತೆ, ಕಂಪ್ಯೂಟರ್ ಅವನ್ನ ಜೋಡಿಸುತ್ತೆ, ಅದಕ್ಕೇ ವಾಕ್ಯದ ಮಧ್ಯ ದನಿ ಏರಿ ಇಳಿದು ಮಾಡೋದು. ಹಿಂದಿಯ "ಯಾತ್ರಿಗಣ್ ಕೃಪಯಾ ಧ್ಯಾನ್ ದೇ" ಇದ್ಯಲ್ಲ, ಅದ್ರಿಂದ ಫೇಮಸ್ ಆದ ದನಿ ಮುಂಬೈನ ಸೆಂಟ್ರಲ್ ರೈಲ್ವೇಲಿ ಅನೌನ್ಸರ್ ಆಗಿದ್ದ ಸರಳಾ ಚೌಧರಿ ಅವ್ರದ್ದು. ರೆಕಾರ್ಡಿಂಗ್ ಎಷ್ಟೋ ಸಲ ಚೆನ್ನಾಗೇ ಇರುತ್ತೆ. ಕೆಡೋದು ಸ್ಪೀಕರಿಂದ ನಮ್ ಕಿವಿಗೆ ಬರೋ ದಾರೀಲಿ.

[ಸ್ಕ್ರೀನ್: ಎರಡು ಸ್ಪೀಕರ್, ಒಬ್ಬ ಪ್ಯಾಸೆಂಜರ್]

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ನೀವು ಒಂದು ಸ್ಪೀಕರ್ ಕೆಳಗೆ ನಿಂತಿದೀರ, ಇನ್ನೊಂದು 34 ಮೀಟರ್ ಆಚೆ, ಅಂದ್ರೆ ಅದರ ಮಾತು ಸೆಕೆಂಡಿನ ಹತ್ತನೇ ಒಂದು ಭಾಗ ಲೇಟು, ಇಲ್ಲಿ "ಮೂ" ಮುಗಿದು "ರು" ಬರೋವಾಗ ಅಲ್ಲಿಂದ ಇನ್ನೂ "ಮೂ" ಬರ್ತಿರುತ್ತೆ, ಮೇಲೆ ಶೀಟಿನ ಚಾವಣಿ ಅದನ್ನೇ ಮತ್ತೆ ಕೆಳಕ್ಕೆ ಎಸೆಯುತ್ತೆ. ಸ್ವರಗಳು ಜೋರು, ವ್ಯಂಜನಗಳು ಮೆತ್ತಗೆ, ಹಾಗಾಗಿ ಗದ್ದಲದಲ್ಲಿ ಮೊದಲು ಸಾಯೋದು ವ್ಯಂಜನ. ಮೂರಾ, ಆರಾ, ನೂರಾ ಒಂದೂ ಗೊತ್ತಾಗಲ್ಲ. ವಾಲ್ಯೂಮ್ ಜಾಸ್ತಿ ಮಾಡಿದ್ರೆ ಎಕೋನೂ ಅಷ್ಟೇ ಜಾಸ್ತಿ ಆಗುತ್ತೆ, ದಯವಿಟ್ಟು ಅದನ್ನ ಪರಿಹಾರ ಅನ್ಕೋಬೇಡಿ. ಹುಬ್ಬಳ್ಳೀಲಿ ಪ್ಲಾಟ್‌ಫಾರ್ಮು 1507 ಮೀಟರ್, ಒಂದು ತುದೀಲಿ ಕೂಗಿದ್ದು ಇನ್ನೊಂದು ತುದಿ ಮುಟ್ಟೋಕೇ ನಾಲ್ಕು ಸೆಕೆಂಡ್ ಮೇಲೆ ಬೇಕು. ಇಂಥ ಕಡೆ ಬೇಕಿರೋದು ಹತ್ತಿರ ಹತ್ತಿರ ಚಿಕ್ಕ ಸ್ಪೀಕರ್, ಕಮ್ಮಿ ವಾಲ್ಯೂಮು, ಆಗ ನಿಮ್ಮ ತಲೆ ಮೇಲಿಂದೇ ಮುಂದಾಗಿ ಕೇಳುತ್ತೆ.

ಆ್ಯಪ್ ಇದ್ಯಲ್ಲ, ಬೋರ್ಡ್ ಇದ್ಯಲ್ಲ ಅಂತೀರಾ? ಕಣ್ಣು ಕಾಣದವ್ರು ಬೋರ್ಡ್ ಹೇಗೆ ನೋಡ್ತಾರೆ, ಓದೋಕೆ ಬರದ ಅಜ್ಜಿ ಏನ್ ಮಾಡ್ಬೇಕು. 2023ರಲ್ಲಿ ಚೆನ್ನೈ ಸೆಂಟ್ರಲಲ್ಲಿ ಪ್ರಯೋಗ ಅಂತ ಅನೌನ್ಸ್‌ಮೆಂಟನ್ನೇ ನಿಲ್ಸಿದ್ರು, ಜನ ಆಕ್ಷೇಪ ಎತ್ತಿದ್ಮೇಲೆ ಮತ್ತೆ ಶುರು ಮಾಡಿದ್ರು. ಅದು ಸರಿಯಾದ ನಿರ್ಧಾರ.

ಖರ್ಚೇ ಇಲ್ಲದ ಇನ್ನೊಂದು ಕೆಲಸ ಇದೆ, ಪ್ಲಾಟ್‌ಫಾರ್ಮ್ ನಂಬರನ್ನ ಸ್ವಲ್ಪ ಗ್ಯಾಪ್ ಕೊಟ್ಟು ಎರಡು ಸಲ ಹೇಳ್ಸೋದು. ಒಂದ್ಸಲ ಹಾರ್ನ್ ಬಂದ್ರೂ ಇನ್ನೊಂದ್ಸಲ ಸಿಗುತ್ತೆ.

ನಿಮ್ಮ ಸ್ಟೇಷನಲ್ಲಿ ಕೇಳ್ಸದೇ ಇದ್ರೆ ರೈಲ್‌ಮದದ್ ಆ್ಯಪಲ್ಲಿ ಹಾಕಿ, ಇಲ್ಲಾ 139ಕ್ಕೆ ಫೋನ್ ಮಾಡಿ, ಆದ್ರೆ "ಕೇಳ್ಸಲ್ಲ" ಅಂತಷ್ಟೇ ಹೇಳ್ಬೇಡಿ, ಯಾವ ಪ್ಲಾಟ್‌ಫಾರ್ಮು, ಯಾವ ಕಂಬದ ಹತ್ರ, ಎಷ್ಟು ಗಂಟೆಗೆ ಅಂತ ಸೇರ್ಸಿ, ಆಗ ಕೆಟ್ಟಿರೋ ಸ್ಪೀಕರ್ ಯಾವ್ದು ಅಂತ ಹುಡುಕೋರಿಗೆ ಸುಲಭ.