ಗಡಿಯಾರ ಏನನ್ನು ಎಣಿಸುತ್ತದೆ?

ಬೀದರಿನ ಹಿರಿಯರಿಗೆ, ವಿದ್ಯಾರ್ಥಿಗಳಿಗೆ, ಮುಂದಿನ ಸಾಲಿನಲ್ಲಿ ಕುಳಿತಿರುವ ಗಡಿಯಾರ ರಿಪೇರಿಯ ಅನುಭವಿಗಳಿಗೆ ಕಲಬುರಗಿಯಿಂದ ಬಂದವನ ನಮಸ್ಕಾರ.

ಹಳೆಯ ಗಡಿಯಾರಗಳ ಸಂಗ್ರಹ ಎಂದೊಡನೆ ನಮ್ಮ ಕಡೆಯವರ ಕಣ್ಣಿಗೆ ಕಟ್ಟುವುದು ವಾಡೆಯ ಗೋಡೆಯ ಲೋಲಕದ ಗಡಿಯಾರ, ಇಲ್ಲವೇ ಅಜ್ಜನ ಎಚ್‌ಎಂಟಿ ಜನತಾ. ಎರಡೂ ಕೀಲಿ ಕೊಟ್ಟರೆ ನಡೆಯುವಂಥವು. ಎರಡಕ್ಕೂ ಇವತ್ತು ಮರ್ಯಾದೆ ಇದೆ, ಬೆಲೆಯೂ ಇದೆ. ನಾನು ಮಾತನಾಡಲು ಬಂದಿರುವುದು ಈ ಮರ್ಯಾದೆ ಸಿಗದವುಗಳ ಬಗ್ಗೆ: ಸೆಲ್ಲಿನಿಂದಲೋ ಕರೆಂಟಿನಿಂದಲೋ ನಡೆದು, ಒಂದು ದಿನ ನಿಂತು, ಗುಜರಿಯವನ ತಕ್ಕಡಿಗೆ ಬಿದ್ದವುಗಳ ಬಗ್ಗೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಇವುಗಳ ಮುಂದೆ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಈ ಯಂತ್ರ ಏನನ್ನು ಎಣಿಸಿ ಸಮಯ ಹೇಳುತ್ತಿತ್ತು? ಉತ್ತರ ಸಿಕ್ಕರೆ ಅರ್ಧ ರಿಪೇರಿ ಮುಗಿದಂತೆ.

ನಮ್ಮ ಜಿಲ್ಲೆಗಳಿಗೆ ತೀರ ಹತ್ತಿರದ ಉದಾಹರಣೆಯಿಂದಲೇ ಹೊರಡೋಣ. ಸೌದಿಗೆ ದುಡಿಯಲು ಹೋದವರು ಮನೆಗೆ ತಂದ ವಸ್ತುಗಳಲ್ಲಿ ಕೆಂಪು ಅಂಕಿಗಳ ರೇಡಿಯೋ ಗಡಿಯಾರವೂ ಒಂದು. ಇಲ್ಲಿ ಟ್ರಾನ್ಸ್‌ಫಾರ್ಮರ್ ಹಾಕಿ ಹಚ್ಚಿದರೆ ಅಂಕಿ ಬೆಳಗುತ್ತದೆ, ರೇಡಿಯೋ ಹಾಡುತ್ತದೆ, ಆದರೆ ಗಡಿಯಾರ ಗಂಟೆಗೆ ಸರಿಯಾಗಿ ಹತ್ತು ನಿಮಿಷ ಹಿಂದೆ ಬೀಳುತ್ತದೆ. ‘ಹಾಳಾಗಿದೆ’ ಎಂದು ಅಟ್ಟಕ್ಕೆ ಏರಿಸುತ್ತಾರೆ. ಅದು ಹಾಳಾಗಿರುವುದೇ ಇಲ್ಲ. ಇಂತಹ ಗಡಿಯಾರದೊಳಗೆ ಸಮಯಕ್ಕೆಂದು ಕಂಪಿಸುವ ಬೇರೆ ಕ್ವಾರ್ಟ್ಜ್ ಹರಳಿಲ್ಲ. ಗೋಡೆಯ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ತೂಗುತ್ತದೆ ಎಂಬುದನ್ನೇ ಅದು ಎಣಿಸುತ್ತದೆ. ಸೌದಿಯಲ್ಲಿ 60 ಸಲ, ನಮ್ಮಲ್ಲಿ 50 ಸಲ. ಅರವತ್ತು ಎಣಿಸಿದ ಮೇಲೆಯೇ ಒಂದು ಸೆಕೆಂಡು ಎಂದು ಕಲಿತದ್ದು ಇಲ್ಲಿ ಆರರಲ್ಲಿ ಒಂದು ಪಾಲು ತಡವಾಗದೆ ಇನ್ನೇನಾದೀತು? ಎಲ್‌ಎಂ 8560ರಂತಹ ಗಡಿಯಾರದ ಚಿಪ್‌ಗಳಲ್ಲಿ ಇದಕ್ಕೆಂದೇ ಒಂದು ಕಾಲು (ಪಿನ್) ಇರುತ್ತದೆ. ಅದರ ಜೋಡಣೆ ಬದಲಿಸಿದರೆ ಚಿಪ್ ಐವತ್ತಕ್ಕೆ ಒಗ್ಗುತ್ತದೆ. ಕೆಲಸ ಒಂದು ಚುಕ್ಕಿ ಬೆಸುಗೆಯದು.

ಈ ಜಾತಿಯ ಗಡಿಯಾರಗಳ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ತೊಂಬತ್ತರ ದಶಕದಲ್ಲಿ ದಕ್ಷಿಣದ ವಿದ್ಯುತ್ ಜಾಲದ ಕಂಪನ ಐವತ್ತರಲ್ಲಿ ನಿಲ್ಲುತ್ತಿರಲಿಲ್ಲ. ಬೇಡಿಕೆ ಏರಿದಾಗ ಅದು ಕುಸಿಯುತ್ತಿತ್ತು. ದಿನವಿಡೀ 49ರಲ್ಲಿ ನಿಂತರೆ ಗಡಿಯಾರ ದಿನಕ್ಕೆ ಸುಮಾರು 29 ನಿಮಿಷ ಸೋಲುತ್ತದೆ. ಅದರ ಮೇಲೆ ಕರೆಂಟು ಹೋಗಿ ಬಂದಾಗಲೆಲ್ಲ ಅಂಕಿಗಳು ಮಿಟುಕುತ್ತ ನಿಲ್ಲುವುದು ಬೇರೆ. ಬೈಸಿಕೊಂಡದ್ದು ಮಾತ್ರ ಗಡಿಯಾರ. 2003ರಲ್ಲಿ ದಕ್ಷಿಣ ಜಾಲಕ್ಕೆ, ಕಂಪನ ಕುಸಿದಾಗ ಮಿತಿಮೀರಿ ವಿದ್ಯುತ್ ಎಳೆದವರಿಗೆ ಹೆಚ್ಚು ಬೆಲೆ ಹಾಕುವ ಹೊಸ ದರ ಪದ್ಧತಿ ಬಂದ ಮೇಲೆ ಕಂಪನಕ್ಕೆ ಶಿಸ್ತು ಬಂತು. 2013ರ ಡಿಸೆಂಬರ್ 31ರಂದು ನಮ್ಮ ನೆರೆಯ ರಾಯಚೂರು ಮತ್ತು ಸೊಲ್ಲಾಪುರಗಳ ನಡುವಿನ 765 ಕಿಲೋವೋಲ್ಟ್ ಮಾರ್ಗ ಚಾಲೂ ಆಗಿ ದಕ್ಷಿಣದ ಜಾಲ ದೇಶದ ಜಾಲಕ್ಕೆ ಬೆಸೆದುಕೊಂಡಿತು. ಈಗ ನಿಯಮದ ಪ್ರಕಾರ ಕಂಪನ 49.90ರಿಂದ 50.05ರೊಳಗೆ ಇರಬೇಕು. ಆದ್ದರಿಂದ ಅಂದಿನ ರೇಡಿಯೋ ಗಡಿಯಾರವನ್ನು ಇಂದು ಸರಿಪಡಿಸಿ ಇಟ್ಟರೆ ಅದು ಹೊಸದಾಗಿದ್ದಾಗಿನದಕ್ಕಿಂತ ಚೆನ್ನಾಗಿ ಸಮಯ ಹೇಳುತ್ತದೆ. ಬೇರೆ ಯಾವ ಹಳೆಯ ಯಂತ್ರಕ್ಕೆ ಈ ಭಾಗ್ಯವಿದೆ?

ಇನ್ನು ಕೈಗಡಿಯಾರಗಳು. 1960ರಲ್ಲಿ ಅಮೆರಿಕದ ಬುಲೋವಾ ಕಂಪನಿ ಅಕ್ಯೂಟ್ರಾನ್ ಎಂಬುದನ್ನು ಹೊರತಂದಿತು. ಅದರೊಳಗೆ ಪುಟ್ಟ ಶ್ರುತಿಕವೆ, ಅಂದರೆ ಒಂದೇ ಸ್ವರದಲ್ಲಿ ಮಿಡಿಯುವ ಎರಡು ಕವಲಿನ ಲೋಹದ ಕಡ್ಡಿ (ಟ್ಯೂನಿಂಗ್ ಫೋರ್ಕ್), ಸೆಕೆಂಡಿಗೆ 360 ಸಲ ಕಂಪಿಸುತ್ತದೆ. ಕಿವಿಗೆ ಹಿಡಿದರೆ ಟಿಕ್ ಟಿಕ್ ಇಲ್ಲ, ಗುಂಯ್ ಎನ್ನುವ ನಾದ. ಕವೆ ಪ್ರತಿ ಕಂಪನಕ್ಕೆ ಒಂದು ಹಲ್ಲಿನಂತೆ ಎಳೆಯುವ ಚಕ್ರದ ಅಗಲ ಸುಮಾರು ಎರಡೂವರೆ ಮಿಲಿಮೀಟರ್, ಹಲ್ಲುಗಳು 300. ಇದು ಪಾದರಸದ ಸೆಲ್ಲಿಗೆ, ಅಂದರೆ 1.35 ವೋಲ್ಟಿಗೆ, ಹೊಂದಿಸಿದ ಯಂತ್ರ. ಆ ಸೆಲ್ಲುಗಳು ಮಾರುಕಟ್ಟೆಯಿಂದ ಹೋದವು. ಈಗ ಸಿಗುವ ಬೆಳ್ಳಿಯ ಸೆಲ್ 1.55 ವೋಲ್ಟಿನದು. ಹಾಗೆಯೇ ಹಾಕಿದರೆ ಕವೆ ಹೆಚ್ಚು ಅಗಲವಾಗಿ ಆಡಿ, ಒಂದರ ಬದಲು ಎರಡು ಹಲ್ಲು ಎಳೆದು, ಗಡಿಯಾರ ಓಡತೊಡಗುತ್ತದೆ. ವೋಲ್ಟೇಜನ್ನು ಡಯೋಡಿನಿಂದ ಇಳಿಸಬೇಕು, ಇಲ್ಲವೇ ಎಳೆತವನ್ನು ಸೂಕ್ಷ್ಮದರ್ಶಕದ ಅಡಿ ಮತ್ತೆ ಹೊಂದಿಸಬೇಕು. ಎರಡನೆಯದಕ್ಕೆ ಹೊಸಬರು ಕೈ ಹಾಕಬೇಡಿ. ಆ ಹಲ್ಲಿನ ಅಂತರ ತಲೆಗೂದಲಿಗಿಂತ ಕಿರಿದು.

ಶ್ರುತಿಕವೆಯ ಆಳ್ವಿಕೆ ಬಹುಕಾಲ ನಡೆಯಲಿಲ್ಲ. 1969ರ ಕ್ರಿಸ್ಮಸ್ ದಿನ ಟೋಕಿಯೊದಲ್ಲಿ ಸೈಕೊ ಕಂಪನಿಯ ಕ್ವಾರ್ಟ್ಜ್ ಆಸ್ಟ್ರಾನ್ 4,50,000 ಯೆನ್ ಬೆಲೆಗೆ ಮಾರಾಟಕ್ಕೆ ಬಂತು. ಅದರ ಹರಳು ಸೆಕೆಂಡಿಗೆ 8,192 ಸಲ ಕಂಪಿಸುತ್ತಿತ್ತು. ಇಂದಿನ ಸಾಮಾನ್ಯ ಗಡಿಯಾರದ ಹರಳಿನದು 32,768. ವಿದ್ಯಾರ್ಥಿಗಳು ಈ ಸಂಖ್ಯೆಯನ್ನು ಎರಡರಿಂದ ಭಾಗಿಸುತ್ತ ಹೋಗಲಿ. ಹದಿನೈದನೆಯ ಸಲಕ್ಕೆ ಒಂದು ಉಳಿಯುತ್ತದೆ. ಆ ಒಂದೇ ಒಂದು ಮಿಡಿತ ಸೆಕೆಂಡಿನ ಮುಳ್ಳನ್ನು ಮುಂದಕ್ಕೆ ತಳ್ಳುವುದು.

ಕ್ವಾರ್ಟ್ಜ್ ಗಡಿಯಾರ ನಿಂತರೆ ನಮ್ಮಲ್ಲಿ ನಡೆಯುವುದೇನು? ಸೆಲ್ ಬದಲಿಸುತ್ತಾರೆ, ನಡೆಯದಿದ್ದರೆ ‘ಮಷಿನ್’ ಪೂರ್ತಿ ಕಿತ್ತು ಹೊಸದನ್ನು ಕೂರಿಸುತ್ತಾರೆ. ದಿನದ ದುಡಿಮೆ ನೋಡಬೇಕಾದ ಅಂಗಡಿಯವರನ್ನು ನಾನು ದೂರುವುದಿಲ್ಲ. ಗಿರಾಕಿಗೆ ಅದೇ ಅಗ್ಗ. ಸಂಗ್ರಹಕಾರ ಮಾತ್ರ ಅದನ್ನು ಒಪ್ಪಬಾರದು ಎಂಬುದು ನನ್ನ ಹಟ. ಎಷ್ಟೋ ಸಲ ಹರಳು, ಚಿಪ್ ಎರಡೂ ಸರಿಯಾಗಿರುತ್ತವೆ. ಚಕ್ರಗಳ ಬುಡದ ಎಣ್ಣೆ ಗಟ್ಟಿಯಾಗಿ ಪುಟ್ಟ ಮೋಟಾರಿಗೆ ಬಲ ಸಾಲದೆ ಹೋಗಿರುತ್ತದೆ. ತೊಳೆದು ಹೊಸ ಎಣ್ಣೆಯ ಹನಿ ಇಟ್ಟರೆ ಏಳುತ್ತದೆ. ಕಾಯಿಲ್‌ನ ತಂತಿಯೇ ಹರಿದಿದ್ದರೆ ಅದೇ ಜಾತಿಯ ಇನ್ನೊಂದು ಕೆಟ್ಟ ಗಡಿಯಾರ ಹುಡುಕಬೇಕು. ಹೀಗಾಗಿ ಕೆಟ್ಟವನ್ನೂ ಎಸೆಯದೆ ಡಬ್ಬಿ ತುಂಬಿಸಿಕೊಳ್ಳುವುದು ನಮ್ಮ ಮನೆಯವರ ಪಾಲಿಗೆ ನಿತ್ಯದ ಕಿರಿಕಿರಿ.

ಸೋರಿದ ಸೆಲ್ಲಿನ ವಿಷಯ ಬೀದರಿನಲ್ಲಿ ಹೇಳುವುದು ಸುಲಭ. ಬಿದರಿ ಕೆಲಸದವರು ಹೆಚ್ಚು ಸತು, ಸ್ವಲ್ಪ ತಾಮ್ರ ಬೆರೆತ ಪಾತ್ರೆಯನ್ನು ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪಾಗಿಸುತ್ತಾರೆ. ಗೋಡೆ ಗಡಿಯಾರಕ್ಕೆ ಹಾಕುತ್ತಿದ್ದ ಅಗ್ಗದ ಸೆಲ್ಲಿನ ಹೊರಕವಚವೂ ಸತುವೇ, ಒಳಗಿನ ಸಾರವೂ ಹಲವು ಸಲ ನವಸಾಗರವೇ. ಸತು ಸವೆದು ತೂತಾದರೆ ಆ ಸಾರ ಹರಿದು ಗಡಿಯಾರದ ಸರ್ಕ್ಯೂಟ್ ಹಲಗೆಯ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಇದು ಆಮ್ಲದ ಗುಣದ್ದು. ಅಡುಗೆ ಸೋಡಾದ ನೀರಿನಿಂದ ಒರೆಸಬೇಕು. ಆಲ್ಕಲೈನ್ ಸೆಲ್ ಸೋರಿ ಬಿಳಿ ಹಿಟ್ಟು ಕಟ್ಟಿದ್ದರೆ ಅದು ಕ್ಷಾರ. ಅದಕ್ಕೆ ನಿಂಬೆರಸ ಅಥವಾ ವಿನೆಗರ್. ಎಲ್ಲದಕ್ಕೂ ನಿಂಬೆಹಣ್ಣು ಹಿಂಡುವ ವಿಡಿಯೊಗಳನ್ನು ನಂಬಬೇಡಿ.

ಎಲ್‌ಸಿಡಿ ಗಡಿಯಾರಗಳಿಗೆ ನಮ್ಮ ಬೇಸಿಗೆಯೇ ಶತ್ರು. ಬಿಸಿಲು ಬೀಳುವ ಗೋಡೆಯಲ್ಲಿ ವರ್ಷಗಟ್ಟಲೆ ನೇತಾಡಿದ ಗಡಿಯಾರದ ಗಾಜಿನ ಮೇಲಿನ, ಬೆಳಕನ್ನು ಒಂದೇ ದಿಕ್ಕಿನ ಕಂಪನಕ್ಕೆ ಸೋಸುವ ಧ್ರುವೀಕರಣದ ಹಾಳೆ ಕಂದಿ, ಕಲೆಗಟ್ಟುತ್ತದೆ. ಹಾಳೆ ಸುಲಿದು, ಅಂಟು ಒರೆಸಿ, ಹೊಸದನ್ನು ಹಚ್ಚಬಹುದು. ಅಂಟಿಸುವ ಮೊದಲು ತಿರುಗಿಸಿ ನೋಡಿ. ತಪ್ಪು ಕೋನದಲ್ಲಿ ಕೂತರೆ ಹಿನ್ನೆಲೆ ಕಪ್ಪಾಗಿ ಅಂಕಿಗಳು ಬಿಳಿಯಾಗುತ್ತವೆ. ಕೆಲವರು ಬೇಕೆಂದೇ ಹಾಗೆ ಮಾಡುತ್ತಾರೆ, ನನಗೆ ಹಿಡಿಸದು.

ಈಗ ನೀವು ತಂದಿರುವ ಗಡಿಯಾರಗಳನ್ನು ಒಂದೊಂದಾಗಿ ಈ ಮೇಜಿಗೆ ತನ್ನಿ. ಹಿಂದಿನ ಸಾಲಿನಲ್ಲಿ ಜೆಡ್ಡಾದ ರೇಡಿಯೋ ಗಡಿಯಾರವನ್ನು ಮಡಿಲಲ್ಲಿಟ್ಟುಕೊಂಡಿರುವ ಚಾಚಾ, ದಯವಿಟ್ಟು ಆ ಪ್ಲಗ್ಗನ್ನು ಗೋಡೆಗೆ ಚುಚ್ಚಬೇಡಿ. ಮೊದಲು ಹಿಂಬದಿಯ ಚೀಟಿ ಓದೋಣ. ಅದರಲ್ಲಿ 110 ಅಥವಾ 127 ವೋಲ್ಟ್ ಎಂದಿದ್ದರೆ, ನನ್ನ ಟ್ರಾನ್ಸ್‌ಫಾರ್ಮರ್ ಚೀಲದಲ್ಲಿದೆ.