ಸ್ಪೇನಿನ ಹಳ್ಳಿಯಲ್ಲಿ ಇಂಗ್ಲಿಷ್ ಮಾತು: ಸ್ವಯಂಸೇವಕರಾಗಿ ಹೊರಟವರಿಗೆ

ಎಲ್ಲರಿಗೂ ನಮಸ್ಕಾರ.

ಸ್ಪೇನಿನ ಸೋರಿಯಾ ಪ್ರಾಂತ್ಯದಲ್ಲಿ ಚದರ ಕಿಲೋಮೀಟರಿಗೆ ಸುಮಾರು 9 ಜನ ಇದ್ದಾರೆ, ಅಷ್ಟೇ. ಅಲ್ಲಿನ ಬಾಲ್ದೆಲಾಬಿಯಾ ಎಂಬ ಕಲ್ಲುಮನೆಗಳ ಪುಟ್ಟ ಊರು 1960ರ ದಶಕದಲ್ಲಿ ಪೂರಾ ಖಾಲಿಯಾಯಿತು. ಮುಂದೆ ಆ ಮನೆಗಳನ್ನು ರಿಪೇರಿ ಮಾಡಿ ವಸತಿಗೃಹ ಮಾಡಿದರು. 2001ರಲ್ಲಿ ಅಲ್ಲೇ ‘ಪ್ವೆಬ್ಲೊ ಇಂಗ್ಲೆಸ್’, ಅಂದರೆ ‘ಇಂಗ್ಲಿಷ್ ಊರು’ ಎಂಬ ಶಿಬಿರ ಶುರುವಾಯಿತು; ಸ್ಪೇನಿನವರು ಸ್ವಯಂಸೇವಕರೊಡನೆ ಇಂಗ್ಲಿಷ್ ಮಾತಾಡಿ ಕಲಿಯುವ ಜಾಗ ಅದು. ಸಾಲಮಾಂಕಾ ಪ್ರಾಂತ್ಯದ ಲಾ ಆಲ್ಬೆರ್ಕಾದಲ್ಲೂ ಇಂಥ ಶಿಬಿರಗಳು ನಡೆದಿವೆ. ಇಷ್ಟು ದೂರದ ಹಳ್ಳಿಯೇ ಏಕೆ ಎಂದರೆ, ಮ್ಯಾಡ್ರಿಡ್‌ನಲ್ಲಿ ತರಗತಿ ಮುಗಿಸಿದವರು ಸಂಜೆ ಮನೆಗೆ ಹೋಗಿ ಸ್ಪ್ಯಾನಿಷ್ ಮಾತಾಡುತ್ತಾರೆ. ಇಲ್ಲಿ ಹೋಗಲು ಮನೆಯಿಲ್ಲ. ಊಟದ ಮೇಜಿನಲ್ಲೂ ಸ್ಪ್ಯಾನಿಷ್ ಆಡುವಂತಿಲ್ಲ.

ಏರ್ಪಾಡು ಸರಳ. ಶುಲ್ಕ ಕಟ್ಟುವವರು ಕಲಿಯಲು ಬಂದ ಸ್ಪೇನಿನವರು, ಇಲ್ಲವೇ ಅವರ ಕಂಪನಿ. ಸ್ವಯಂಸೇವಕರಿಗೆ ಊಟ, ಕೋಣೆ, ಮ್ಯಾಡ್ರಿಡ್‌ನಿಂದ ಹಳ್ಳಿಗೆ ಹೋಗಿಬರುವ ಬಸ್ಸು ಉಚಿತ, ಸಂಬಳವಿಲ್ಲ. ವಿಮಾನದ ಟಿಕೆಟ್, ವೀಸಾ, ವಿಮೆ, ಮ್ಯಾಡ್ರಿಡ್‌ನಲ್ಲಿ ತಂಗುವ ರಾತ್ರಿಯ ಖರ್ಚು ನಿಮ್ಮದೇ. ಬೋಧನೆಯ ಸರ್ಟಿಫಿಕೇಟ್ ಕೇಳುವುದಿಲ್ಲ. ಇಂಗ್ಲಿಷೇ ಮಾತೃಭಾಷೆಯಾಗಿರಬೇಕು ಎನ್ನುವ ಶಿಬಿರಗಳಿವೆ, ಸರಾಗವಾಗಿ ಮಾತಾಡಿದರೆ ಸಾಕು ಎನ್ನುವವೂ ಇವೆ. ಅರ್ಜಿಯಲ್ಲಿ ಇದ್ದದ್ದು ಇದ್ದಂತೆ ಬರೆಯಿರಿ. ಬೆಂಗಳೂರಿನ ಸಹೋದ್ಯೋಗಿಗಳೊಡನೆ ಫೋನಿನಲ್ಲಿ ಕೆಲಸ ಮಾಡುವ ಸ್ಪೇನಿನವರಿಗೆ ನಮ್ಮ ಉಚ್ಚಾರಣೆಯ ರೂಢಿ ನಿಜಕ್ಕೂ ಬೇಕು. ಅದನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಿ.

ದಿನಚರಿ ಸಾಮಾನ್ಯವಾಗಿ ಹೀಗಿರುತ್ತದೆ. ಒಂಬತ್ತಕ್ಕೆ ತಿಂಡಿ. ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಒಬ್ಬರೆದುರು ಒಬ್ಬರು ಕೂತು 50 ನಿಮಿಷದ ಮಾತು, ನಡುನಡುವೆ 10 ನಿಮಿಷ ಬಿಡುವು. ಎರಡಕ್ಕೆ ಊಟ, ಆಮೇಲೆ ನಿದ್ದೆ. ಐದರಿಂದ ಎಂಟರವರೆಗೆ ಮತ್ತೆ ಮಾತು, ಎಂಟಕ್ಕೆ ನಾಟಕವೋ ಆಟವೋ, ಒಂಬತ್ತಕ್ಕೆ ರಾತ್ರಿಯೂಟ. ಊಟದ ಮೇಜಿನಲ್ಲಿ ಸ್ಪೇನಿನವರು ಇಬ್ಬರು, ಸ್ವಯಂಸೇವಕರು ಇಬ್ಬರು. ಊಟವೂ ಕೆಲಸವೇ ಎಂಬುದು ಎರಡನೆಯ ದಿನಕ್ಕೆ ಗಂಟಲಿಗೆ ಗೊತ್ತಾಗುತ್ತದೆ. ಮಧ್ಯಾಹ್ನದ ನಿದ್ದೆಯನ್ನು ತಪ್ಪಿಸಬೇಡಿ.

ಈಗ ಮುಖ್ಯ ವಿಷಯಕ್ಕೆ ಬರೋಣ. ಕಲಿಯಲು ಬಂದವರಿಗೆ ವ್ಯಾಕರಣ ಗೊತ್ತಿದೆ, ಓದಲೂ ಬರುತ್ತದೆ. ಅವರಲ್ಲಿ ಪಳಗಬೇಕಾದದ್ದು ಕಿವಿ ಮತ್ತು ಬಾಯಿ. ಆದ್ದರಿಂದ ನೀವು ಮೇಷ್ಟ್ರ ಹಾಗೆ ಪದಪದ ಬಿಡಿಸಿ, ನಿಧಾನಿಸಿ ಮಾತಾಡಿದರೆ ಅವರ ದುಡ್ಡು ದಂಡ. ಮನೆಯಲ್ಲಿ ಆಡುವ ವೇಗದಲ್ಲೇ ಆಡಿ. ಅರ್ಥವಾಗದಿದ್ದರೆ ಅದೇ ಮಾತನ್ನು ಬೇರೆ ಪದಗಳಲ್ಲಿ ಹೇಳಿ. ಇನ್ನೊಂದು ತಪ್ಪು ಇದಕ್ಕೆ ತದ್ವಿರುದ್ಧ: ಎದುರಿನವರು ತಡವರಿಸಿದ ಕೂಡಲೇ ವಾಕ್ಯವನ್ನು ನಾವೇ ಮುಗಿಸಿಬಿಡುವುದು. ಮೌನ ಎಷ್ಟೇ ಕಷ್ಟವಾದರೂ ಕಾಯಿರಿ. 50 ನಿಮಿಷದಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ಅವರ ದನಿ ಕೇಳಬೇಕು.

ತಪ್ಪು ತಿದ್ದಲು ಮಧ್ಯೆ ಬಾಯಿ ಹಾಕಬೇಡಿ. ಅವರು ‘ಈಸ್ ರೈನಿಂಗ್’ ಎಂದರೆ ನೀವು ‘ಯೆಸ್, ಇಟ್ ಈಸ್ ರೈನಿಂಗ್’ ಎಂದು ಮುಂದುವರಿಯಿರಿ. ಕರ್ತೃವನ್ನು ಬಿಟ್ಟು ಮಾತಾಡುವುದು ಸ್ಪ್ಯಾನಿಷಿನ ರೂಢಿ. ‘ಬಂದೆ’ ಎಂದಷ್ಟೇ ಹೇಳುವ ನಮಗೆ ಅದು ಬೇಗ ಅರ್ಥವಾಗುತ್ತದೆ. ನಾವು ಇಸ್ಕೂಲು ಅನ್ನುವಂತೆ ಅವರು ‘ಎಸ್ಕೂಲ್’ ಅನ್ನುತ್ತಾರೆ. ಆದರೆ ಹ್ರಸ್ವ, ದೀರ್ಘದ ಭೇದ ಅವರ ಭಾಷೆಯಲ್ಲಿಲ್ಲ. ‘ಶಿಪ್’ ಮತ್ತು ‘ಶೀಪ್’ ಅವರ ಕಿವಿಗೆ ಒಂದೇ. ಇಲ್ಲಿ ಕನ್ನಡದ ಕಿವಿ ಇರುವವರು ತುಂಬ ಚೆನ್ನಾಗಿ ನೆರವಾಗಬಲ್ಲರು.

ಇಂಗ್ಲಿಷಿನಂತೆ ಕೇಳಿಸಿ ಮೋಸಗೊಳಿಸುವ ಸ್ಪ್ಯಾನಿಷ್ ಪದಗಳೂ ಇವೆ. ‘ಆಕ್ತುಆಲ್ಮೆಂತೆ’ ಅಂದರೆ ‘ಈಗ’, ಹಾಗಾಗಿ ಅವರ ‘ಆ್ಯಕ್ಚುಯಲಿ’ಗೂ ಎಷ್ಟೋ ಸಲ ಅದೇ ಅರ್ಥ. ‘ಕೊನ್ಸ್ತಿಪಾದೊ’ ಅಂದರೆ ನೆಗಡಿಯಾದವನು. ‘ಎಂಬರಾಸಾದಾ’ ಅಂದರೆ ಬಸುರಿ. ಹೆಂಗಸೊಬ್ಬರು ತಾನು ಬಸುರಿ ಎನ್ನಲು ಹೋಗಿ, ನಾಚಿಕೆಯ ಅರ್ಥದ ‘ಎಂಬರಾಸ್ಡ್’ ಎಂಬ ಇಂಗ್ಲಿಷ್ ಪದ ಬಳಸಿದರೆ ನಗಬೇಡಿ, ಮೆಲ್ಲಗೆ ಸರಿಯಾದ ಪದ ಕೊಡಿ.

ನಮ್ಮ ಕಡೆಯ ತೊಡಕುಗಳನ್ನೂ ಹೇಳಬೇಕು. ‘ವೆಟ್’ ಎಂದು ಕೇಳುವ ಎರಡು ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಒಂದೇ ವಕಾರ. ‘ಒದ್ದೆ’ ಎಂಬರ್ಥದ ಪದ ಹೇಳುವಾಗ ತುಟಿ ಗುಂಡಗಾಗಲಿ, ‘ಪಶುವೈದ್ಯ’ ಎಂಬರ್ಥದ್ದನ್ನು ಹೇಳುವಾಗ ಹಲ್ಲು ಕೆಳತುಟಿಗೆ ತಾಗಲಿ. ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’, ‘ಲ್ಯಾಕ್’ (ಲಕ್ಷ) ಭಾರತದ ಮಾತುಗಳು. ಬಳಸಿದರೆ ಹಾಗೆಂದು ತಿಳಿಸಿ.

ಎಲ್ಲಕ್ಕಿಂತ ಕಷ್ಟದ್ದು ಫೋನ್ ಸೆಷನ್. ಅವರು ಒಂದು ಕೋಣೆಯಲ್ಲಿ, ನೀವು ಇನ್ನೊಂದರಲ್ಲಿ, ಮುಖವಿಲ್ಲ, ಕೈಸನ್ನೆಯಿಲ್ಲ. ಹೋಟೆಲ್ ಬುಕಿಂಗ್, ದೂರು, ಇಮೇಲ್ ವಿಳಾಸ ಬರೆಸುವುದು ಇಂಥವು ವಿಷಯ. ಎಡವುವುದು ಅಕ್ಷರಗಳಲ್ಲಿ. ಇಂಗ್ಲಿಷಿನ ಐದನೆಯ ಅಕ್ಷರವನ್ನು ನಾವು ‘ಈ’ ಎನ್ನುತ್ತೇವೆ. ಸ್ಪ್ಯಾನಿಷಿನಲ್ಲಿ ‘ಈ’ ಎಂಬುದು ಒಂಬತ್ತನೆಯ ಅಕ್ಷರದ ಹೆಸರು. ನೀವು ಸರಿಯಾಗಿ ಹೇಳಿದರೂ ಅವರು ತಪ್ಪು ಬರೆದುಕೊಳ್ಳುತ್ತಾರೆ. ಪ್ರತಿ ಅಕ್ಷರಕ್ಕೂ ಒಂದು ಊರಿನ ಹೆಸರು ಸೇರಿಸಿ ಹೇಳಿ, ಬರೆದದ್ದನ್ನು ತಿರುಗಿ ಓದಿಸಿ.

ಮಧ್ಯದ ದಿನಗಳಲ್ಲಿ ಅವರು ಕುಸಿಯುತ್ತಾರೆ. ತಲೆನೋವು, ಗೊತ್ತಿದ್ದ ಪದವೂ ಮರೆತುಹೋಗುವುದು. ಆಗ ಕುರ್ಚಿ ಬಿಟ್ಟು ಊರ ದಾರಿಯಲ್ಲಿ ನಡೆಯುತ್ತ ಮಾತಾಡಿ. ‘ಎಲ್ಲಿಯವರು, ಏನು ಕೆಲಸ’ ಎಂಬುದನ್ನು ಅಷ್ಟರೊಳಗೆ ಎಲ್ಲರೂ ಹತ್ತಾರು ಸಲ ಹೇಳಿರುತ್ತಾರೆ. ಅವರ ಅಜ್ಜಿಯ ಅಡುಗೆಯನ್ನು ಹಂತಹಂತವಾಗಿ ವಿವರಿಸಲು ಕೇಳಿ. ಮನೆಯ ನಾಲ್ಕು ಫೋಟೊ ಒಯ್ದಿರಿ, ಅವೂ ಕೈ ಹಿಡಿಯುತ್ತವೆ.

ಸಸ್ಯಾಹಾರಿಗಳು ಅರ್ಜಿಯಲ್ಲೇ ತಿಳಿಸಿ, ಅಡುಗೆಮನೆಯವರಿಗೂ ನೆನಪಿಸಿ. ‘ಸಿನ್ ಕಾರ್ನೆ’, ಅಂದರೆ ಮಾಂಸ ಬೇಡ, ಎಂದಷ್ಟೇ ಹೇಳಿದರೆ ಸಾಲಡ್‌ನಲ್ಲಿ ಟ್ಯೂನಾ ಮೀನು ಬಂದೀತು. ‘ಸಿನ್ ಪೆಸ್ಕಾದೊ, ಸಿನ್ ಹಾಮೋನ್’, ಅಂದರೆ ಮೀನು ಬೇಡ, ಹಂದಿಮಾಂಸದ ಹ್ಯಾಮ್ ಬೇಡ, ಎಂದೂ ಸೇರಿಸಿ. ಮಸೂರದ ಸಾರಿನಲ್ಲಿ ಚೊರೀಸೊ ಎಂಬ ಹಂದಿಮಾಂಸದ ಸಾಸೇಜ್ ಸಾಮಾನ್ಯ. ಆಲೂಗಡ್ಡೆಯ ತೊರ್ತೀಯಾದಲ್ಲಿ ಮೊಟ್ಟೆ ಇದ್ದೇ ಇರುತ್ತದೆ. ಎರಡು ಗಂಟೆಯವರೆಗೆ ಹಸಿವು ತಡೆಯದವರು ಚಕ್ಕುಲಿ, ಕಡಲೆ ಚಿಕ್ಕಿ ಜೊತೆಗಿಟ್ಟುಕೊಳ್ಳಿ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ ಮೊದಲು. ವೈದ್ಯಕೀಯ ಪ್ರಯಾಣ ವಿಮೆಯ ರಕ್ಷಣೆ ಕನಿಷ್ಠ 30,000 ಯೂರೋ ಇರಬೇಕು. ಸಂಬಳವಿಲ್ಲದಿದ್ದರೂ ಊಟ, ವಸತಿಗೆ ಪ್ರತಿಯಾಗಿ ಮಾಡುವ ಕೆಲಸ ಇದು. ಶಿಬಿರದ ಪತ್ರವನ್ನು ಲಗತ್ತಿಸಿ, ಯಾವ ಉದ್ದೇಶದ ವೀಸಾ ಎಂದು ಕಾನ್ಸುಲೇಟಿಗೆ ಬರೆದು ಕೇಳಿ, ಉತ್ತರ ಬಂದ ಮೇಲೆ ಟಿಕೆಟ್ ಕೊಳ್ಳಿ. ಕೊನೆಯ ದಿನ ಬಸ್ಸು ಹಳ್ಳಿಯಿಂದ ತಡವಾಗಿ ಹೊರಡುವುದುಂಟು, ಅದೇ ಸಂಜೆಯ ವಿಮಾನ ಬೇಡ.

ಇನ್ನು ನಿಮ್ಮ ಪ್ರಶ್ನೆಗಳನ್ನು ಕೇಳಿ.