ಝಾರ್‌ಗಳು ಮನೆಯಲ್ಲಿ ಯಾವ ಭಾಷೆ ಮಾತಾಡುತ್ತಿದ್ದರು?

ಎಲ್ಲರಿಗೂ ನಮಸ್ಕಾರ. ಹಿಂದಿನ ಸಾಲಿಗೆ ಕೇಳಿಸುತ್ತಿದೆ ಅಲ್ವಾ? ಸರಿ.

ಹೋದ ತಿಂಗಳು ಇದೇ ಹಾಲ್‌ನಲ್ಲಿ ಮಾತಾಡುವಾಗ "ಜರ್ಮನ್ ಹುಡುಗಿ ಕ್ಯಾಥರೀನ್" ಅಂತ ಹೇಳಿ ಮುಂದೆ ಹೋಗಿಬಿಟ್ಟೆ. ಆಮೇಲೆ ಕಾಫಿ ಹೊತ್ತಲ್ಲಿ ಮೂರು ಜನ ಬಂದು ಹಿಡಿದುಕೊಂಡರು. "ಸಾರ್, ಕ್ಯಾಥರೀನ್ ರಷ್ಯಾದ ಮಹಾರಾಣಿ. ಜರ್ಮನ್ ಹೇಗಾಗ್ತಾಳೆ?" ಒಬ್ಬರು ಪಾಪ, "ಬಾಯಿತಪ್ಪಿ ಬಂದಿರಬೇಕು ಬಿಡಿ" ಅಂತ ನನಗೇ ಸಮಾಧಾನ ಹೇಳಿದರು. ಬಾಯಿತಪ್ಪಿ ಬಂದದ್ದಲ್ಲ. ಅದಕ್ಕೇ ಇವತ್ತಿನ ಮಾತು.

ಝಾರ್‌ಗಳಲ್ಲಿ, ಅಂದರೆ ರಷ್ಯಾದ ದೊರೆಗಳಲ್ಲಿ, ರಷ್ಯಾದ ರಕ್ತ ಎಷ್ಟಿತ್ತು ಅನ್ನುವ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಮಜ್ಜಿಗೆ ಅಂದರೆ ರಷ್ಯಾದ ರಕ್ತ, ನೀರು ಅಂದರೆ ಹೊರಗಿನದು. ಒಂದು ಲೋಟ ಗಟ್ಟಿ ಮಜ್ಜಿಗೆ ತಗೊಳ್ಳಿ. ಅದು ರಷ್ಯಾದ ದೊರೆ ಪೀಟರ್ ದಿ ಗ್ರೇಟ್. ಅವನ ಎರಡನೇ ಹೆಂಡತಿ ಮಾರ್ತಾ ಅಂತ, ಬಾಲ್ಟಿಕ್ ಕಡೆಯ ಲಿವೋನಿಯಾದಲ್ಲಿ ಒಬ್ಬ ಪಾದ್ರಿಯ ಮನೆಯಲ್ಲಿ ಕೆಲಸಕ್ಕಿದ್ದವಳು. 1702ರಲ್ಲಿ ರಷ್ಯಾದ ಸೈನ್ಯಕ್ಕೆ ಸೆರೆ ಸಿಕ್ಕಳು. ಕೊನೆಗೆ ಒಂದನೇ ಕ್ಯಾಥರೀನ್ ಆಗಿ ಸಿಂಹಾಸನವನ್ನೇ ಏರಿದಳು, ಅದು ಬೇರೆ ಕಥೆ. ಈಗ ಲೋಟದಿಂದ ಅರ್ಧ ಮಜ್ಜಿಗೆ ಚೆಲ್ಲಿ, ನೀರು ತುಂಬಿಸಿ. ಅದು ಇವರ ಮಗಳು ಆನ್ನಾ. ಅವಳನ್ನು ಜರ್ಮನಿಯ ಹೋಲ್‌ಸ್ಟೈನ್-ಗೊಟೋರ್ಪ್ ಎಂಬ ಸಣ್ಣ ಸೀಮೆಯ ಡ್ಯೂಕ್‌ಗೆ ಕೊಟ್ಟರು. ಮತ್ತೆ ಅರ್ಧ ಚೆಲ್ಲಿ, ನೀರು ಹಾಕಿ. 1728ರಲ್ಲಿ ಕೀಲ್ ಊರಲ್ಲಿ ಹುಟ್ಟಿದ ಮಗ, ಮುಂದೆ ಮೂರನೇ ಪೀಟರ್ ಆದವನು. ಕಾಲು ಭಾಗ. ಅವನ ಹೆಂಡತಿ ನಮ್ಮ ಕ್ಯಾಥರೀನ್, ಪೂರ್ತಿ ನೀರು. ಮಗ ಪಾಲ್, ಎಂಟರಲ್ಲೊಂದು. ಪಾಲ್‌ನ ಹೆಂಡತಿ ವ್ಯೂರ್ಟೆಂಬರ್ಗ್‌ನವಳು. ಅಲ್ಲಿಂದ ಮಗ, ಮೊಮ್ಮಗ ಅಂತ ಸಾಲಾಗಿ ಬನ್ನಿ: ಒಂದನೇ ನಿಕೋಲಸ್‌ಗೆ ಪ್ರಷ್ಯಾದ ಹುಡುಗಿ. ಎರಡನೇ ಅಲೆಕ್ಸಾಂಡರ್‌ಗೆ ಹೆಸ್ಸೆಯಿಂದ. ಈ ಮೂರೂ ಜರ್ಮನ್ ಸೀಮೆಗಳೇ. ಮೂರನೇ ಅಲೆಕ್ಸಾಂಡರ್‌ಗೆ ಡೆನ್ಮಾರ್ಕಿನಿಂದ. ಕೊನೆಯ ಝಾರ್ ಎರಡನೇ ನಿಕೋಲಸ್ ಹತ್ತಿರ ಬರುವಾಗ ಲೋಟದಲ್ಲಿ 128ರಲ್ಲಿ ಒಂದು ಪಾಲು ಮಜ್ಜಿಗೆ. ಅವನ ಹೆಂಡತಿಯೂ ಹೆಸ್ಸೆಯವಳೇ. ಮಗ ಅಲೆಕ್ಸಿಗೆ 256ರಲ್ಲಿ ಒಂದು. ಇಷ್ಟು ತೆಳ್ಳಗಿನ ಮಜ್ಜಿಗೆ ನಾನು ಒಂದು ಮದುವೆ ಮನೆಯಲ್ಲಿ ಮಾತ್ರ ಕುಡಿದಿದ್ದೇನೆ.

ಪಾಲ್‌ನ ಅಪ್ಪ ಮೂರನೇ ಪೀಟರ್ ಅಲ್ಲ, ಸಾಲ್ಟಿಕೋವ್ ಎಂಬ ಆಸ್ಥಾನಿಕ ಅನ್ನುವ ಗುಸುಗುಸು ಆಗಿನಿಂದಲೂ ಇದೆ. ಅದರ ಮೇಲೆ ರಷ್ಯಾದವರು ಒಂದು ಕಥೆ ಕಟ್ಟಿದ್ದಾರೆ. ಮೂರನೇ ಅಲೆಕ್ಸಾಂಡರ್ ಒಬ್ಬ ಪಂಡಿತನನ್ನು ಕರೆಸಿ "ನಿಜ ಹೇಳು, ನಮ್ಮ ಮುತ್ತಾತ ಯಾರ ಮಗ?" ಅಂತ ಕೇಳಿದನಂತೆ. "ಸಾಲ್ಟಿಕೋವ್ ಮಗ, ಪ್ರಭು." ದೊರೆ ಎದೆ ಮೇಲೆ ಶಿಲುಬೆ ಗುರುತು ಮಾಡಿಕೊಂಡ. "ದೇವರು ದೊಡ್ಡವನು, ನಾವು ರಷ್ಯಾದವರೇ!" ಇನ್ನೊಬ್ಬ ಪಂಡಿತ ಬಂದು "ಇಲ್ಲ ಪ್ರಭು, ಮೂರನೇ ಪೀಟರ್ ಮಗನೇ" ಅಂದ. ದೊರೆ ಮತ್ತೆ ಶಿಲುಬೆ ಗುರುತು ಮಾಡಿಕೊಂಡ. "ದೇವರು ದೊಡ್ಡವನು, ನಾವು ಧರ್ಮಸಂತಾನವೇ!"

ನಗಬಹುದು. ನಾನೂ ಪಾಠ ಮಾಡುವ ಕಾಲದಲ್ಲಿ ಈ ಮಜ್ಜಿಗೆ ಲೆಕ್ಕವನ್ನು ಬೋರ್ಡ್ ಮೇಲೆ ಬರೆದು ಚಪ್ಪಾಳೆ ಗಿಟ್ಟಿಸಿದವನೇ. ಈಗ ಸ್ವಲ್ಪ ನಾಚಿಕೆ ಆಗುತ್ತದೆ. ಲೆಕ್ಕ ಸರಿಯಾಗೇ ಇದೆ. ಆದರೆ ಅದರಿಂದ ರಷ್ಯಾದ ಬಗ್ಗೆ ಏನೂ ತಿಳಿಯುವುದಿಲ್ಲ. ರಕ್ತ ಅಳೆದು ಪ್ರಯೋಜನ ಇಲ್ಲ, ನಾಲಿಗೆ ನೋಡಬೇಕು. ಇದು ನನ್ನ ವಾದ. ಇನ್ನೂ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ರಷ್ಯನ್ ಭಾಷೆಯಲ್ಲಿ ಜರ್ಮನ್ ಮನುಷ್ಯನಿಗೆ ಏನಂತಾರೆ ಗೊತ್ತಾ? ನೆಮೆತ್ಸ್. ಹೆಂಗಸಾದರೆ ನೆಮ್ಕಾ. ನೆಮೊಯ್ ಅಂದರೆ ಮೂಗ, ಮಾತು ಬಾರದವನು. ಅದರಿಂದ ಹುಟ್ಟಿದ ಪದ ಇದು. ಹಿಂದೆ ಪಶ್ಚಿಮದ ಕಡೆಯಿಂದ ಬಂದ ಯಾವ ಪರದೇಶಿಯೂ ನೆಮೆತ್ಸ್ ಆಗಬಹುದಿತ್ತು. ಅಂದರೆ ನಮ್ಮ ಮಾತು ಬಾರದವನು ಮೂಗ, ಮೂಗನಾದವನು ಹೊರಗಿನವನು. ಅಜ್ಜ ಯಾರು ಅಂತ ಆ ಪದ ಕೇಳುವುದಿಲ್ಲ.

ಈಗ ನನ್ನ ಇಷ್ಟದ ಕಥೆಗೆ ಬರುತ್ತೇನೆ. 1744, ಫೆಬ್ರವರಿ. ಹದಿನಾಲ್ಕು ವರ್ಷದ ಒಂದು ಹುಡುಗಿ ಅಮ್ಮನ ಜೊತೆ ಮಾಸ್ಕೋಗೆ ಬಂದಿಳಿಯುತ್ತಾಳೆ. ಹೆಸರು ಸೋಫಿ, ಮುಂದೆ ನಮ್ಮ ಕ್ಯಾಥರೀನ್ ಆಗುವವಳು. ಹುಟ್ಟಿದ್ದು ಸ್ಟೆಟಿನ್ ಊರಲ್ಲಿ. ಅದು ಈಗ ಪೋಲೆಂಡಿಗೆ ಸೇರಿದೆ. ಅಪ್ಪ ಆನ್‌ಹಾಲ್ಟ್-ಜೆರ್ಬ್‌ಸ್ಟ್ ಅನ್ನುವ ಮನೆತನದವನು, ಪ್ರಷ್ಯಾದ ಸೈನ್ಯದಲ್ಲಿ ಅಧಿಕಾರಿ. ಹೆಸರು ದೊಡ್ಡದು, ಮನೆ ಸಣ್ಣದು. ಆಗ ರಷ್ಯಾ ಆಳುತ್ತಿದ್ದವಳು ಎಲಿಜಬೆತ್, ಪೀಟರ್ ದಿ ಗ್ರೇಟ್‌ನ ಇನ್ನೊಬ್ಬ ಮಗಳು. ಮಕ್ಕಳಿಲ್ಲದ್ದಕ್ಕೆ ಅಕ್ಕನ ಮಗನನ್ನು, ಅದೇ ನಮ್ಮ ಕಾಲು ಲೋಟ ಮಜ್ಜಿಗೆಯವನನ್ನು, ಎರಡು ವರ್ಷ ಮೊದಲೇ ಕೀಲ್‌ನಿಂದ ಕರೆಸಿಕೊಂಡಿದ್ದಳು. ಅವನೂ ಬಂದಾಗ ಹದಿನಾಲ್ಕರವನೇ. ಇಬ್ಬರೂ ಲೂಥರನ್ ಮತದವರು, ಇಬ್ಬರಿಗೂ ರಷ್ಯನ್ ಬಾರದು. ರಷ್ಯಾದ ಆರ್ಥೊಡಾಕ್ಸ್ ಕ್ರೈಸ್ತ ಧರ್ಮ ಕಲಿಸುವ ಗುರುವೂ ಇಬ್ಬರಿಗೆ ಒಬ್ಬನೇ, ಸೈಮನ್ ತೊಡೋರ್‌ಸ್ಕಿ. ವ್ಯತ್ಯಾಸ ಇದ್ದದ್ದು ರಕ್ತದಲ್ಲಿ. ಹುಡುಗನ ತಾತ ಪೀಟರ್ ದಿ ಗ್ರೇಟ್. ಹುಡುಗಿಗೆ ರಷ್ಯಾದ ಸಂಬಂಧ ಒಂದು ತೊಟ್ಟೂ ಇಲ್ಲ.

ಹುಡುಗಿ ಏನು ಮಾಡಿದಳು? ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು, ಬರಿಗಾಲಲ್ಲಿ ಕೋಣೆಯಲ್ಲಿ ಓಡಾಡುತ್ತಾ ರಷ್ಯನ್ ಪಾಠ ಬಾಯಿಪಾಠ ಮಾಡಿದಳು. ಅಲ್ಲಿಯ ಮಾರ್ಚ್ ಚಳಿ! ಎದೆಗೆ ಕಫ ಕಟ್ಟಿ, ಜ್ವರ ಏರಿ, ಸಾಯುವ ಹಾಗಾದಳು. ಆಗಿನ ವೈದ್ಯರಿಗೆ ಗೊತ್ತಿದ್ದ ಮದ್ದು ಒಂದೇ, ರಕ್ತ ತೆಗೆಯುವುದು. 27 ದಿನಗಳಲ್ಲಿ 16 ಸಲ ತೆಗೆದರು ಅಂತ ಅವಳೇ ಬರೆದಿದ್ದಾಳೆ. ಜರ್ಮನ್ ರಕ್ತ ಹೋಗಬೇಕಾದದ್ದು ಅಲ್ಲೇ ಹೋಯಿತು ಅಂತ ಇಟ್ಟುಕೊಳ್ಳಿ. ಅಮ್ಮ ಗಾಬರಿಯಾಗಿ ಲೂಥರನ್ ಪಾದ್ರಿಯನ್ನು ಕರೆಸೋಣ ಅಂದಳು. ಹುಡುಗಿ ಹಾಸಿಗೆಯಿಂದಲೇ, ಬೇಡ, ತೊಡೋರ್‌ಸ್ಕಿಯನ್ನು ಕರೆಸಿ ಅಂದಳು. ಸುದ್ದಿ ಅರಮನೆ ತುಂಬಾ ಹಬ್ಬಿತು. ನಮ್ಮ ಭಾಷೆ ಕಲಿಯೋಕೆ ಹೋಗಿ ಮಗು ಹಾಸಿಗೆ ಹಿಡಿದಿದೆ! ಎಲಿಜಬೆತ್ ಕಣ್ಣಲ್ಲಿ ನೀರು.

ಇದು ಭಕ್ತಿಯಾ, ಜಾಣತನವಾ? ಎರಡೂ ಇರಬಹುದು. ಹದಿನಾಲ್ಕು ವರ್ಷಕ್ಕೇ ಅಷ್ಟು ಲೆಕ್ಕಾಚಾರ ಇತ್ತಾ ಅಂತ ಕೆಲವರು ಮೂಗು ಮುರಿಯುತ್ತಾರೆ. ಇರಲಿ ಬಿಡಿ. ಲೆಕ್ಕಾಚಾರ ಮಾಡಿದರೂ ಪಾಠ ಕಲಿಯಲೇಬೇಕಲ್ಲ.

ಜೂನ್ 28ಕ್ಕೆ ಎಲ್ಲರೆದುರು ಚರ್ಚಿನಲ್ಲಿ ಆರ್ಥೊಡಾಕ್ಸ್ ದೀಕ್ಷೆ ತಗೊಂಡಳು. ಗಿಳಿಪಾಠವೇ, ಆದರೆ ತಡವರಿಸದೆ ರಷ್ಯನ್‌ನಲ್ಲಿ ಒಪ್ಪಿಸಿದಳು. ಹೆಸರು ಯೆಕಟೆರೀನಾ ಅಲೆಕ್ಸೆಯೆವ್ನಾ ಆಯಿತು, ಅಂದರೆ ಅಲೆಕ್ಸೇಯ ಮಗಳು ಕ್ಯಾಥರೀನ್. ಅಪ್ಪನ ಹೆಸರು ಕ್ರಿಸ್ಟಿಯನ್ ಆಗಸ್ಟ್, ಮಗಳು ಮಾತ್ರ ಅಲೆಕ್ಸೆಯೆವ್ನಾ. ಮೂಲ ಅಪ್ಪನನ್ನೂ ಬದಲಾಯಿಸಿಬಿಟ್ಟರು. ಮುಂದೆ ಬಂದ ಜರ್ಮನ್ ಸೊಸೆಯರಲ್ಲಿ ಹಲವರು ಫ್ಯೊದೊರೊವ್ನಾ ಆದರು. ಅದು ಝಾರ್‌ಗಳ ಮನೆತನವಾದ ರೊಮಾನೊವ್‌ರ ಮನೆದೇವರ ಪಟದ ಹೆಸರಿನಿಂದ ಬಂದದ್ದು.

ಹುಡುಗ ಏನು ಮಾಡಿದ? ಗುರುವಿನ ಜೊತೆ ವಾದ ಮಾಡಿದ. ಹೋಲ್‌ಸ್ಟೈನ್ ಸಮವಸ್ತ್ರ ಹಾಕಿಕೊಂಡು ಕವಾಯತು ಆಡಿದ. ಪ್ರಷ್ಯಾದ ದೊರೆ ಫ್ರೆಡರಿಕ್ ಅವನ ದೇವರು. ಒಂದು ಎಚ್ಚರಿಕೆ: ಅವನ ಬಗ್ಗೆ ನಮಗೆ ಗೊತ್ತಿರುವುದು ಜಾಸ್ತಿ ಹೆಂಡತಿಯ ನೆನಪುಗಳಿಂದ. ಸಿಂಹಾಸನ ಕಿತ್ತುಕೊಂಡವಳ ಸಾಕ್ಷಿ ಅದು, ಉಪ್ಪು ಹಾಕಿಯೇ ತಿನ್ನಬೇಕು. ಆದರೆ 1762ರಲ್ಲಿ ಪಟ್ಟಕ್ಕೆ ಬಂದು ಅವನು ಮಾಡಿದ ಕೆಲಸಕ್ಕೆ ಹೆಂಡತಿಯ ಸಾಕ್ಷಿ ಬೇಡ. ರಷ್ಯಾದ ಸೈನ್ಯ ರಕ್ತ ಸುರಿಸಿ ಗೆದ್ದ ನೆಲವನ್ನೆಲ್ಲ ಫ್ರೆಡರಿಕ್‌ಗೆ ವಾಪಸ್ ಕೊಟ್ಟುಬಿಟ್ಟ. ಆರು ತಿಂಗಳು ಆಳಿದ. ಜೂನ್ 28ರಂದು, ದೀಕ್ಷೆ ತಗೊಂಡ ಅದೇ ತಾರೀಖು ನೋಡಿ, ಹದಿನೆಂಟು ವರ್ಷದ ನಂತರ ಹೆಂಡತಿ ಕಾವಲು ಪಡೆಗಳನ್ನು ಕರೆದುಕೊಂಡು ಅವನನ್ನು ಇಳಿಸಿದಳು. ಘೋಷಣೆಯಲ್ಲಿ ಏನಿತ್ತು? ನಮ್ಮ ಧರ್ಮ ಅಪಾಯದಲ್ಲಿದೆ, ರಷ್ಯಾದ ಮಾನ ಶತ್ರುವಿನ ಪಾಲಾಗಿದೆ. ಸ್ಟೆಟಿನ್‌ನ ಹುಡುಗಿ ಪೀಟರ್ ದಿ ಗ್ರೇಟ್‌ನ ಮೊಮ್ಮಗನಿಂದ ರಷ್ಯಾವನ್ನು ಕಾಪಾಡುತ್ತಿದ್ದಾಳೆ! ಜನ ನಂಬಿದರು. ಹೇಳಿದೆನಲ್ಲ, ನಾಲಿಗೆ ನೋಡಬೇಕು.

ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪೀಟರ್ ಕುದುರೆ ಏರಿದ ಕಂಚಿನ ವಿಗ್ರಹ ಇದೆ. 1782ರಲ್ಲಿ ಕ್ಯಾಥರೀನ್ ನಿಲ್ಲಿಸಿದ್ದು. ಕೆಳಗೆ ಒಂದು ಕಡೆ ಲ್ಯಾಟಿನ್, ಒಂದು ಕಡೆ ರಷ್ಯನ್: ಮೊದಲನೇ ಪೀಟರ್‌ಗೆ ಎರಡನೇ ಕ್ಯಾಥರೀನ್. ಮೊದಲನೆಯದಾದ ಮೇಲೆ ಎರಡನೆಯದು, ಮಧ್ಯೆ ಯಾರೂ ಇಲ್ಲ. ಗಂಡನ ತಾತನಿಗೆ ಕುದುರೆ. ಗಂಡನನ್ನು ಹೂಳುವಾಗ ರಾಜಮರ್ಯಾದೆಯೂ ಸಿಗಲಿಲ್ಲ. ಅವಳು ಸತ್ತ ಮೇಲೆ, 1796ರಲ್ಲಿ, ಮಗ ಪಾಲ್ ಅಪ್ಪನ ಶವಪೆಟ್ಟಿಗೆ ತೆಗೆಸಿ ಅಮ್ಮನ ಪಕ್ಕದಲ್ಲೇ ಇಡಿಸಿದ. ಮಗನ ಸೇಡು ಅಂದ್ರೆ ಇದು.

ಅಷ್ಟಾದರೂ ಅವಳನ್ನು ತಲೆ ಮೇಲೆ ಕೂರಿಸಿಕೊಳ್ಳುವುದು ಬೇಡ. ರಷ್ಯನ್‌ನಲ್ಲಿ ನಾಟಕ ಬರೆದಳು, 1783ರಲ್ಲಿ ರಷ್ಯನ್ ಭಾಷೆಗೆ ಅಕಾಡೆಮಿ ಕಟ್ಟಿಸಿ ನಿಘಂಟು ಮಾಡಿಸಿದಳು. ಸರಿ. ಆದರೆ ಮನಸ್ಸು ಬಿಚ್ಚಿ ಬರೆದ ನೆನಪುಗಳು ಫ್ರೆಂಚ್‌ನಲ್ಲಿ. ಫ್ರಾನ್ಸಿನ ಲೇಖಕ ವೋಲ್ಟೇರ್‌ಗೆ ಪತ್ರ ಫ್ರೆಂಚ್‌ನಲ್ಲಿ. 1767ರಲ್ಲಿ ಜೀತದ ರೈತರು ಧಣಿಗಳ ಮೇಲೆ ರಾಣಿಗೆ ದೂರು ಕೊಡುವುದನ್ನೇ ನಿಷೇಧಿಸಿದಳು. ಜನರ ಭಾಷೆ ಕಲಿತು, ಆ ಭಾಷೆಯಲ್ಲಿ ಅವರು ಹೇಳುವುದನ್ನು ಕೇಳುವುದಿಲ್ಲ ಅಂದಳು! ಆಮೇಲೆ ಏನಾಯಿತು? 1773ರಲ್ಲಿ ಪುಗಚೋವ್ ಎಂಬ ಕೊಸಾಕ್, ಅಂದರೆ ಗಡಿನಾಡಿನ ಕುದುರೆ ಸವಾರ, ಎದ್ದು "ನಾನೇ ಮೂರನೇ ಪೀಟರ್, ಸತ್ತಿಲ್ಲ" ಅಂದ. ಓದು ಬರಹ ಬಾರದವನು. ಸಾವಿರಾರು ರೈತರು ಹಿಂದೆ ನಡೆದರು. ಕೀಲ್‌ನಲ್ಲಿ ಹುಟ್ಟಿದ, ಪ್ರಷ್ಯಾದ ಹುಚ್ಚಿನ ಆ ದೊರೆ ಜನರಿಗೆ ಬೇಕಾಗಿ ಬಂದದ್ದು ತಮ್ಮ ಮಾತಾಡುವ ಒಬ್ಬನ ವೇಷದಲ್ಲಿ.

ಗಂಟೆ ನೋಡುತ್ತಿದ್ದಾರೆ ಅಧ್ಯಕ್ಷರು. ಹೌದು, ಬೇಗ ಬರುತ್ತೇನೆ.

ಕ್ಯಾಥರೀನ್ ಕಾಲದಿಂದ ಮುಂದೆ ಆಸ್ಥಾನದಲ್ಲಿ ಫ್ರೆಂಚ್‌ದೇ ಕಾರುಬಾರು. ದೊಡ್ಡ ಮನೆಯ ಮಕ್ಕಳು ರಷ್ಯನ್ ಕಲಿಯುತ್ತಿದ್ದದ್ದು ದಾದಿಯರಿಂದ, ಅಡುಗೆಮನೆಯಿಂದ. ಆ ಭಾಷಾ ಅಕಾಡೆಮಿಯ ಮೊದಲ ಮುಖ್ಯಸ್ಥೆ ದಾಶ್ಕೋವಾ ಸರಿಯಾಗಿ ರಷ್ಯನ್ ಕಲಿತದ್ದೇ ಮದುವೆ ಹೊತ್ತಿಗೆ. ಅತ್ತೆಗೆ ಬೇರೆ ಭಾಷೆ ಬರುತ್ತಿರಲಿಲ್ಲ, ಅದಕ್ಕೆ! ಅತ್ತೆಯಂದಿರಿಗೆ ಭಾಷಾಶಾಸ್ತ್ರದ ಚರಿತ್ರೆಯಲ್ಲಿ ಒಂದು ಅಧ್ಯಾಯ ಕೊಡಬೇಕು.

1812. ನೆಪೋಲಿಯನ್ ಒಳಗೆ ನುಗ್ಗಿದ್ದಾನೆ. ಡೆನಿಸ್ ಡವೀದೊವ್ ಎಂಬ ಕುದುರೆ ಸೈನ್ಯದ ಅಧಿಕಾರಿ, ಕವಿ ಕೂಡ, ಶತ್ರುವಿನ ಹಿಂದೆ ಬಿದ್ದು ಗೆರಿಲ್ಲಾ ದಾಳಿ ಮಾಡಲು ಹೋದ. ಊರು ಊರಲ್ಲಿ ಅವನನ್ನು ತಡೆದವರು ನಮ್ಮವರೇ, ಅಂದರೆ ಅವನವರೇ. ಬಾಗಿಲು ಹಾಕಿಕೊಂಡು, ಕೊಡಲಿ ಹಿಡಿದುಕೊಂಡು ನಿಂತ ರೈತರು. ಸಮಾಧಾನ ಆದ ಮೇಲೆ ಕೇಳಿದ, ನಮ್ಮನ್ನು ಫ್ರೆಂಚರು ಅಂತ ಯಾಕೆ ಅಂದುಕೊಂಡಿರಿ? ನಿಮ್ಮ ಬಟ್ಟೆ ಅವರ ಬಟ್ಟೆ ಥರಾನೇ ಇದೆ ಅಂದರು. ನಾನು ರಷ್ಯನ್ ಮಾತಾಡುತ್ತಿಲ್ಲವಾ ಅಂದ. ಅವರಲ್ಲೂ ಎಲ್ಲಾ ಥರದ ಜನ ಇರ್ತಾರೆ ಅಂದರಂತೆ! ಡವೀದೊವ್‌ಗೆ ಬುದ್ಧಿ ಬಂತು. ಗಡ್ಡ ಬಿಟ್ಟ. ರೈತರ ಅಂಗಿ ತೊಟ್ಟ. ಎದೆ ಮೇಲಿನ ಪದಕ ತೆಗೆದು ಸಂತ ನಿಕೋಲಸ್ ಪಟ ತೂಗುಹಾಕಿಕೊಂಡ. ಜನರ ಮಾತಲ್ಲಿ ಮಾತಾಡೋಕೆ ಶುರು ಮಾಡಿದ. ಅವನು ಅಪ್ಪಟ ರಷ್ಯಾದವನು, ಮಾಸ್ಕೋದಲ್ಲಿ ಹುಟ್ಟಿದವನು. ರಕ್ತ ನೋಡಿದರೆ ನೂರಕ್ಕೆ ನೂರು. ಏನು ಪ್ರಯೋಜನ?

ಅದೇ ಯುದ್ಧದ ಸೇನಾನಿ ಯೆರ್ಮೋಲೊವ್‌ಗೆ ಏನು ಬಹುಮಾನ ಬೇಕು ಅಂತ ದೊರೆ ಕೇಳಿದಾಗ "ನನಗೆ ಜರ್ಮನ್ ಅಂತ ಬಡ್ತಿ ಕೊಡಿ" ಅಂದನಂತೆ. ಸೈನ್ಯದಲ್ಲಿ ಜರ್ಮನ್ನರಿಗೇ ಮನ್ನಣೆ ಅನ್ನುವ ಕುಟುಕು ಅದು. ಇನ್ನೊಂದು ತಮಾಷೆ, ಇದು ಅಂತೆಕಂತೆ ಅಲ್ಲ. "ಆರ್ಥೊಡಾಕ್ಸ್ ಧರ್ಮ, ಏಕಾಧಿಪತ್ಯ, ನಮ್ಮ ಜನತನ" ಅಂತ ಮುಂದೆ ಶಿಕ್ಷಣ ಮಂತ್ರಿಯಾದ ಉವಾರೊವ್ ಒಂದು ಘೋಷಣೆ ಕೊಟ್ಟ. ಒಂದನೇ ನಿಕೋಲಸ್‌ನ ಸರ್ಕಾರ ಅದನ್ನೇ ಮಂತ್ರ ಮಾಡಿಕೊಂಡಿತು. ಅದನ್ನು ವಿವರಿಸಿ 1832ರಲ್ಲಿ ದೊರೆಗೆ ಬರೆದ ಪತ್ರ ಯಾವ ಭಾಷೆಯಲ್ಲಿತ್ತು? ಫ್ರೆಂಚ್.

ಚೀಟಿ ಬಂತು. ಐದು ನಿಮಿಷ. ಮೂರನೇ ಅಲೆಕ್ಸಾಂಡರ್ ಗಡ್ಡ, ವಿದೇಶಾಂಗ ಖಾತೆಯಲ್ಲಿದ್ದ ನೆಸ್ಸೆಲ್‌ರೋಡ್, ಇವೆಲ್ಲ ಬಿಡುತ್ತೇನೆ.

ಕೊನೆಯ ರಾಣಿ ಅಲೆಕ್ಸಾಂಡ್ರಾ ಫ್ಯೊದೊರೊವ್ನಾ ಬಗ್ಗೆ ಹೇಳದೆ ಇಳಿಯುವ ಹಾಗಿಲ್ಲ. ಯಾಕೆಂದರೆ ಅವಳ ಮುಂದೆ ನನ್ನ ವಾದ ಸ್ವಲ್ಪ ಕುಂಟುತ್ತದೆ. ಹೆಸ್ಸೆಯವಳು, ವಿಕ್ಟೋರಿಯಾ ರಾಣಿಯ ಮೊಮ್ಮಗಳು. 1894ರಲ್ಲಿ ಮದುವೆ. ಆರ್ಥೊಡಾಕ್ಸ್ ಧರ್ಮಕ್ಕೆ ಹುಟ್ಟಿದವರಿಗಿಂತ ಜಾಸ್ತಿ ಅಂಟಿಕೊಂಡಳು. ರಷ್ಯನ್ನೂ ಕಲಿತಳು. ಆದರೂ 1914ರಲ್ಲಿ ಯುದ್ಧ ಬಂದ ಮೇಲೆ ಬೀದಿಯಲ್ಲಿ ಅವಳಿಗೆ ಒಂದೇ ಹೆಸರು, ನೆಮ್ಕಾ. ರಾಜಧಾನಿ ಸೇಂಟ್ ಪೀಟರ್ಸ್‌ಬರ್ಗ್‌ನ ಹೆಸರೇ ಜರ್ಮನ್ ಥರ ಕೇಳಿಸುತ್ತದೆ ಅಂತ ಪೆಟ್ರೋಗ್ರಾಡ್ ಮಾಡಿದರು. ರಾಣಿಗೆ ಹಾಗೆ ಹೆಸರು ಬದಲಿಸಲು ಆಗಲಿಲ್ಲ, ಅದು ಆಗಲೇ ಒಂದು ಸಲ ಆಗಿತ್ತಲ್ಲ. ಯುದ್ಧ ಗೆಲ್ಲುತ್ತಿದ್ದರೆ, ಬ್ರೆಡ್ ಸಿಗುತ್ತಿದ್ದರೆ, ಅವಳ ತೌರು ಯಾವುದು ಅಂತ ಯಾರೂ ಕೇಳುತ್ತಿರಲಿಲ್ಲ ಅಂತ ನನಗನ್ನಿಸುತ್ತದೆ.

ಆ ಮನೆಯ ನಾಲಿಗೆಯಾದರೂ ಯಾವುದು? ಯುದ್ಧ ತಪ್ಪಿಸಲು ಜರ್ಮನಿಯ ಕೈಸರ್ ವಿಲ್ಹೆಲ್ಮ್ ಮತ್ತು ನಿಕೋಲಸ್ ಒಬ್ಬರಿಗೊಬ್ಬರು ತಂತಿ ಕಳಿಸಿಕೊಂಡರು. ವಿಲಿ, ನಿಕಿ ಅಂತ ಸಹಿ ಹಾಕಿ, ಇಂಗ್ಲಿಷ್‌ನಲ್ಲಿ. ನಿಕೋಲಸ್ ಡೈರಿ ಬರೆದದ್ದು, ಮಕ್ಕಳ ಜೊತೆ ಮಾತಾಡಿದ್ದು ರಷ್ಯನ್‌ನಲ್ಲಿ. ಗಂಡ ಹೆಂಡತಿ ಮಧ್ಯೆ ಮಾತು, ಪತ್ರ, ಎಲ್ಲ ಇಂಗ್ಲಿಷ್.

1917. ಕ್ರಾಂತಿ ಆಗಿದೆ. ದೊರೆ ಪಟ್ಟ ಬಿಟ್ಟಿದ್ದಾನೆ. ತ್ಸಾರ್‌ಸ್ಕೊಯೆ ಸೆಲೊ ಅರಮನೆಯಲ್ಲಿ ಇಬ್ಬರೂ ಬಂದಿಗಳು. ವಿಚಾರಣೆ ಅಂತ ಹೊಸ ಸರ್ಕಾರದ ಮಂತ್ರಿ ಕೆರೆನ್‌ಸ್ಕಿ ಕೆಲವು ದಿನ ಗಂಡ ಹೆಂಡತಿಯನ್ನು ಬೇರೆ ಬೇರೆ ಇಡಿಸಿದ. ಊಟದ ಹೊತ್ತಲ್ಲಿ ಮಾತ್ರ ಸೇರಬಹುದು. ಪಕ್ಕದಲ್ಲಿ ಒಬ್ಬ ಅಧಿಕಾರಿ ಇರುತ್ತಾನೆ. ಇನ್ನೊಂದು ಷರತ್ತು, ರಷ್ಯನ್‌ನಲ್ಲೇ ಮಾತಾಡಬೇಕು. ಇಪ್ಪತ್ತೆರಡು ವರ್ಷ ಇಂಗ್ಲಿಷ್‌ನಲ್ಲಿ ಸಂಸಾರ ಮಾಡಿದ ರಷ್ಯಾದ ಚಕ್ರವರ್ತಿ ಮತ್ತು ಚಕ್ರವರ್ತಿನಿ, ಕಾವಲಿನವನಿಗೆ ಅರ್ಥವಾಗಲಿ ಅಂತ, ಊಟದ ಮೇಜಿನ ಮುಂದೆ ಕೂತು ರಷ್ಯನ್ ಮಾತಾಡಿದರು.

ಇಳಿಯುತ್ತೇನೆ. ಪ್ರಶ್ನೆಗಳಿದ್ದರೆ ಕಾಫಿ ಹತ್ತಿರ ಸಿಗಿ. ಹೋದ ಸಲದ ಆ ಮೂರು ಜನ ಮೊದಲು.